ಕಂಪ್ಯೂಟರಿನ ಕರೆಂಟು ಉಳಿಸುವುದು: ಅಂಗಡಿಯ ಮೇಜಿನಿಂದ ಕೆಲವು ಸೆಟ್ಟಿಂಗುಗಳು

ಕಂಪ್ಯೂಟರು ಕೆಲಸ ಮಾಡುವಾಗ ಎಳೆಯುವ ಕರೆಂಟಿನ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಎದುರು ಯಾರೂ ಕೂತಿರದಾಗಲೂ ಅದು ಎಳೆಯುತ್ತಲೇ ಇರುತ್ತದಲ್ಲ, ಅದನ್ನು ಹಿಡಿಯಿರಿ. ಶಿರಸಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆಯ ಕರಡು ನೋಡಲು ಬಂದವರು ದೊಡ್ಡಪ್ಪನ ಹೆಸರು ಮೇಲಿರಬೇಕೋ ಸೋದರಮಾವನ ಹೆಸರು ಮೇಲಿರಬೇಕೋ ಎಂದು ಫೋನಿನಲ್ಲಿ ಮನೆಯವರ ಜೊತೆ ಚರ್ಚೆ ನಡೆಸುತ್ತಿರುತ್ತಾರೆ. ಪಹಣಿಗೆ ಬಂದವರು ಸರ್ವೆ ನಂಬರಿನ ಚೀಟಿಗಾಗಿ ಜೇಬು ತಡಕುತ್ತಿರುತ್ತಾರೆ. ನಡುವೆ ಊಟದ ಹೊತ್ತು, ಚಹಾದ ಹೊತ್ತು. ಅಂಗಡಿ ತೆರೆದಿರುವ ಸಮಯದಲ್ಲಿ ಕೀಲಿಮಣೆಯ ಮೇಲೆ ಬೆರಳು ಆಡುವುದು ಅರ್ಧಕ್ಕಿಂತ ಕಡಿಮೆ. ಮಿಕ್ಕ ಹೊತ್ತೆಲ್ಲ ಯಂತ್ರ ಸುಮ್ಮನೆ ಉರಿಯುತ್ತದೆ.

ನಮ್ಮ ಕಡೆ ಮಳೆಗಾಲದಲ್ಲಿ ಇದು ಬರೀ ಬಿಲ್ಲಿನ ಮಾತಲ್ಲ. ಎಲ್ಲೋ ಕಾಡಿನಲ್ಲಿ ಮರ ಬಿದ್ದು ತಂತಿ ತುಂಡಾದರೆ ಕರೆಂಟು ಬರುವವರೆಗೆ ಇನ್ವರ್ಟರೇ ಗತಿ. 12 ವೋಲ್ಟಿನ, 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವಾಟ್ ಅವರ್ ಇದೆ. ಇನ್ವರ್ಟರಿನೊಳಗೆ ಒಂದಿಷ್ಟು ಸೋರುತ್ತದೆ, ಬ್ಯಾಟರಿಯನ್ನು ಪೂರ್ತಿ ಬರಿದು ಮಾಡುವಂತಿಲ್ಲ, ಅದಕ್ಕೆ ವಯಸ್ಸೂ ಆಗಿರುತ್ತದೆ. ಕೈಗೆ 1000 ಸಿಕ್ಕಿದರೆ ಪುಣ್ಯ ಎಂದು ಲೆಕ್ಕ ಹಾಕಿಕೊಳ್ಳಿ. 100 ವಾಟಿನ ಹೊರೆಗೆ ಅದು ಹತ್ತು ತಾಸು. 50 ವಾಟಿಗೆ ಇಪ್ಪತ್ತು. ತಲೆಯ ಮೇಲಿನ ಹಳೆಯ ಫ್ಯಾನೊಂದೇ 70 ವಾಟ್ ನುಂಗುತ್ತದೆ, ಅದು ಬೇರೆ ಕಥೆ.

ಮೊದಲು ಅಳೆಯಿರಿ

ಅಳತೆಯಿಲ್ಲದೆ ಸೆಟ್ಟಿಂಗು ಬದಲಿಸಿದರೆ ಉಳಿಯಿತೋ ಇಲ್ಲವೋ ಎಂಬುದು ಎಂದೂ ಗೊತ್ತಾಗುವುದಿಲ್ಲ. ಪ್ಲಗ್ಗಿಗೆ ಸಿಕ್ಕಿಸುವ ವಾಟ್ ಮೀಟರ್ ಸಿಗುತ್ತದೆ, ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಗೋಡೆಯ ಮೇಲಿನ ವಿದ್ಯುತ್ ಮೀಟರೇ ಸಾಕು. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಮಿನುಗುವ ಒಂದು ಸಣ್ಣ ಕೆಂಪು ದೀಪ ಇರುತ್ತದೆ. ಅದರ ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂದು ಬರೆದಿರುತ್ತಾರೆ. ನನ್ನ ಮೀಟರಿನಲ್ಲಿ 3200 ಎಂದಿದೆ; ನಿಮ್ಮದರಲ್ಲಿ ಬೇರೆ ಅಂಕಿ ಇರಬಹುದು, ನೋಡಿಕೊಳ್ಳಿ. ಒಂದು ಯೂನಿಟ್ ಎಂದರೆ 1000 ವಾಟ್ ಒಂದು ತಾಸು, ಎಂದರೆ 3600 ಸೆಕೆಂಡು ಉರಿದಷ್ಟು; ಎರಡನ್ನೂ ಗುಣಿಸಿದರೆ 36 ಲಕ್ಷ. ಈ 36 ಲಕ್ಷವನ್ನು ಆ ಅಂಕಿಯಿಂದ ಭಾಗಿಸಿದರೆ 3200ಕ್ಕೆ 1125 ಬರುತ್ತದೆ. ಎರಡು ಮಿನುಗುಗಳ ನಡುವೆ ಎಷ್ಟು ಸೆಕೆಂಡು ಎಂದು ನೋಡಿ, 1125ನ್ನು ಅದರಿಂದ ಭಾಗಿಸಿ. ಬಂದ ಉತ್ತರವೇ ವಾಟ್.

ಅಳೆಯುವಾಗ ಫ್ಯಾನು, ದೀಪ, ವೈಫೈ ಪೆಟ್ಟಿಗೆ, ಚಾರ್ಜರು ಎಲ್ಲವನ್ನೂ ಆರಿಸಿ. ಇನ್ವರ್ಟರನ್ನು ಕೂಡ ಲೈನಿನಿಂದ ಬಿಡಿಸಿ, ಇಲ್ಲವಾದರೆ ಅದು ಬ್ಯಾಟರಿ ತುಂಬಿಸುವುದೂ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಒಂದು ಮಿನುಗಿನ ಬದಲು ಹತ್ತು ಮಿನುಗಿಗೆ ಮೊಬೈಲಿನ ಸ್ಟಾಪ್‌ವಾಚ್ ಹಿಡಿದರೆ ಲೆಕ್ಕ ಸರಿಯಾಗಿ ಬರುತ್ತದೆ. ನಾನು ಮೀಟರಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಾಗ ಅಂಗಡಿಯ ಹುಡುಗ ಒಳಗಿನಿಂದ ಕೂಗಿ ಕೇಳುತ್ತಿದ್ದ: "ಅಕ್ಕಾ, ಈಗ ಪರದೆ ಆರಿಸಲೇ?"

ನನ್ನ ಯಂತ್ರ ಸ್ಥಳೀಯವಾಗಿ ಜೋಡಿಸಿದ ಸಾಧಾರಣ ಡೆಸ್ಕ್‌ಟಾಪು, ಅದಕ್ಕೆ 22 ಇಂಚಿನ ಎಲ್‌ಇಡಿ ಮಾನಿಟರು. ಕೆಲಸವಿಲ್ಲದೆ ಕೂತಾಗ ಹತ್ತು ಮಿನುಗಿಗೆ 180 ಸೆಕೆಂಡು, ಎಂದರೆ 62 ವಾಟ್. ಮಾನಿಟರು ಆರಿಸಿದಾಗ 265 ಸೆಕೆಂಡು, 42 ವಾಟ್. ಮಾನಿಟರಿನ ಬೆಳಕನ್ನು ಕಣ್ಣಿಗೆ ಹಿತವಾಗುವಷ್ಟು ಇಳಿಸಿದಾಗ 205 ಸೆಕೆಂಡು, 55 ವಾಟ್. ಚಿತ್ರಗಳು ತುಂಬಿದ ಸ್ಮರಣಸಂಚಿಕೆಯನ್ನು ಪಿಡಿಎಫ್ ಮಾಡುವಾಗ 100 ವಾಟ್ ದಾಟಿತು, ಆದರೆ ಅದು ಕೆಲವೇ ನಿಮಿಷದ ಮಾತು. ನಿದ್ದೆಗೆ, ಎಂದರೆ ಸ್ಲೀಪಿಗೆ, ಕಳುಹಿಸಿದ ಮೇಲೆ ಸ್ಟೂಲಿನಲ್ಲಿ ಕೂರುವುದು ದಂಡ: ಯಂತ್ರ 2 ವಾಟ್ ಎಳೆಯುತ್ತಿದ್ದರೆ ಮುಂದಿನ ಮಿನುಗಿಗೆ ಒಂಬತ್ತು ನಿಮಿಷಕ್ಕೂ ಹೆಚ್ಚು ಕಾಯಬೇಕು.

ಈಗ ಗುಣಾಕಾರ ಮಾಡಿ ನೋಡಿ. ಬೆಳಕು ಇಳಿಸಿದ್ದರಿಂದ ಉಳಿದದ್ದು 7 ವಾಟ್. ದಿನಕ್ಕೆ ಆರು ತಾಸಿನಂತೆ ತಿಂಗಳಿಗೆ ಒಂದು ಯೂನಿಟ್ಟಿನ ಆಸುಪಾಸು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಮಾನಿಟರು ಮಾತ್ರ ಆರಿಸಿ ಪೆಟ್ಟಿಗೆಯನ್ನು ಹಾಗೆಯೇ ಬಿಟ್ಟರೆ, 42 ವಾಟಿನಂತೆ ಹದಿಮೂರು ತಾಸಿಗೆ ಅರ್ಧ ಯೂನಿಟ್ಟಿಗಿಂತ ಹೆಚ್ಚು; ತಿಂಗಳಿಗೆ 16. ಹಗಲಿನ ಐದು ತಾಸಿನ ಖಾಲಿ ಹೊತ್ತನ್ನು 55 ವಾಟಿನಂತೆ ಸೇರಿಸಿದರೆ ಇನ್ನೊಂದು 8. ಒಂದು ಎಲ್ಲಿ, ಇಪ್ಪತ್ತನಾಲ್ಕು ಎಲ್ಲಿ!

ಮನೆಯಲ್ಲಿ ಡೆಸ್ಕ್‌ಟಾಪು ಇರುವವರಿಗೆ ಈ ಇಪ್ಪತ್ತನಾಲ್ಕು ಸಣ್ಣದಲ್ಲ. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಎಂದುಕೊಂಡವರು ಇನ್ನೂ ಇದ್ದಾರೆ. ಹಾಗಲ್ಲ, ನಿಮ್ಮ ಮನೆಯ ಹಳೆಯ ಸರಾಸರಿಗೆ ಸ್ವಲ್ಪ ಸೇರಿಸಿ ನಿಮ್ಮದೇ ಒಂದು ಮಿತಿ ಕಟ್ಟಿರುತ್ತಾರೆ. ಅದನ್ನು ದಾಟಿದಷ್ಟಕ್ಕೆ ದುಡ್ಡು ಕೊಡಬೇಕು, 200 ದಾಟಿದರೆ ಪೂರ್ತಿ ಬಿಲ್ಲೇ ಬರುತ್ತದೆ. ನನ್ನಂಥ ಅಂಗಡಿಯವರಿಗೆ ಆ ಯೋಜನೆಯೇ ಇಲ್ಲ.

ಮುಖ್ಯವಾದ ಮೂರು ಕಡೆ

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಅದರೊಳಗೆ ಪವರ್ ಎಂಬಲ್ಲಿಗೆ ಹೋಗಿ. ಲ್ಯಾಪ್‌ಟಾಪಿನಲ್ಲಿ ಇದೇ ಪುಟಕ್ಕೆ ಪವರ್ ಆ್ಯಂಡ್ ಬ್ಯಾಟರಿ ಎಂಬ ಹೆಸರಿದೆ. ಪರದೆ ಮತ್ತು ಸ್ಲೀಪ್ ಎಷ್ಟು ನಿಮಿಷಕ್ಕೆ ಎಂದು ಕೇಳುವ ಸಾಲುಗಳು ಅಲ್ಲಿವೆ. ಪರದೆ ಆರಲು 3 ನಿಮಿಷ, ಯಂತ್ರ ಮಲಗಲು 15 ನಿಮಿಷ ಎಂದು ನಾನು ಇಟ್ಟಿದ್ದೇನೆ. ಮನೆಯಲ್ಲಾದರೆ 5 ಮತ್ತು 20 ಇರಲಿ. ಇಷ್ಟೇ ಮಾಡಿ ನಿಲ್ಲಿಸಿದರೂ ಮುಕ್ಕಾಲು ಪಾಲು ಕೆಲಸ ಆದಂತೆ.

ಹಲವು ಯಂತ್ರಗಳಲ್ಲಿ ಸ್ಲೀಪ್ ಸಾಲಿನ ಎದುರು ನೆವರ್ ಎಂದಿರುತ್ತದೆ. ಕಂಪ್ಯೂಟರು ಜೋಡಿಸಿ ಕೊಡುವ ಹುಡುಗರು "ಸ್ಪೀಡಾಗಿ ಓಡಲಿ ಮೇಡಂ" ಎಂದು ಹೈ ಪರ್ಫಾರ್ಮೆನ್ಸ್ ಎಂಬ ಪವರ್ ಯೋಜನೆಯನ್ನು ಆಯ್ದಿಟ್ಟು ಹೋಗಿರುತ್ತಾರೆ. ಆ ಯೋಜನೆಯಲ್ಲಿ ಯಂತ್ರ ತಾನಾಗಿ ಮಲಗುವುದೇ ಇಲ್ಲ. ಮೇಲಾಗಿ ಪ್ರೊಸೆಸರು ಬಿಡುವಿನಲ್ಲೂ ತನ್ನ ವೇಗ ಇಳಿಸದಂತೆ ಅದು ತಡೆದಿರುತ್ತದೆ. ಕಂಟ್ರೋಲ್ ಪ್ಯಾನೆಲ್ ತೆರೆದು ಪವರ್ ಆಪ್ಷನ್ಸ್‌ಗೆ ಹೋಗಿ ಬ್ಯಾಲೆನ್ಸ್‌ಡ್ ಆಯ್ದುಕೊಳ್ಳಿ. ನುಡಿ ತಂತ್ರಾಂಶದಲ್ಲಿ ಟೈಪು ಮಾಡುವವರಿಗೆ, ಅರ್ಜಿ ತುಂಬುವವರಿಗೆ ವೇಗದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಬ್ಯಾಲೆನ್ಸ್‌ಡ್ ಇದ್ದರೆ ಮೊದಲಿನ ಪವರ್ ಪುಟದಲ್ಲಿ ಪವರ್ ಮೋಡ್ ಎಂಬ ಇನ್ನೊಂದು ಸಾಲೂ ಸಿಗುತ್ತದೆ. ಅಲ್ಲಿ ಬೆಸ್ಟ್ ಪವರ್ ಎಫಿಷಿಯೆನ್ಸಿ ಆಯ್ದು ಬಿಟ್ಟುಬಿಡಿ.

ವಿಂಡೋಸ್ 10ಕ್ಕೆ ಕಂಪನಿಯ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದರೂ ಊರ ತುಂಬ ಅದೇ ಓಡುತ್ತಿದೆ. ಕಂಟ್ರೋಲ್ ಪ್ಯಾನೆಲಿನ ದಾರಿ ಅದರಲ್ಲೂ ಇದೇ.

ಮೂರನೆಯದು ಹೈಬ್ರಿಡ್ ಸ್ಲೀಪ್. ಕರೆಂಟು ನೆಚ್ಚಿಕೊಳ್ಳಲಾಗದ ಊರಿನವರು ಇದನ್ನು ಬಿಡಲೇಬಾರದು. ಮಾಮೂಲಿ ನಿದ್ದೆಯಲ್ಲಿ ತೆರೆದಿಟ್ಟ ಕಡತಗಳೆಲ್ಲ ರ್‍ಯಾಮಿನಲ್ಲಿ ಇರುತ್ತವೆ, ರ್‍ಯಾಮಿಗೆ ಮಾತ್ರ ಒಂದು ಎಳೆ ಕರೆಂಟು ಹರಿಯುತ್ತಿರುತ್ತದೆ. ಆ ಎಳೆ ಕಡಿದರೆ ಎಲ್ಲ ಮಾಯ. ಡೆಸ್ಕ್‌ಟಾಪನ್ನು ಮಲಗಿಸಲು ನಮ್ಮವರು ಹೆದರುವುದು ಇದಕ್ಕೇ, ಹೆದರಿಕೆಯಲ್ಲಿ ಅರ್ಥವೂ ಇದೆ. ಹೈಬ್ರಿಡ್ ಸ್ಲೀಪಿನಲ್ಲಿ ಯಂತ್ರ ಮಲಗುವ ಮೊದಲು ರ್‍ಯಾಮಿನಲ್ಲಿರುವುದರ ಒಂದು ಪ್ರತಿಯನ್ನು ಡಿಸ್ಕಿಗೂ ಬರೆದುಕೊಳ್ಳುತ್ತದೆ. ಕರೆಂಟು ಇದ್ದರೆ ಕೂಡಲೇ ಎದ್ದು ಕೂರುತ್ತದೆ. ನಡುವೆ ಕರೆಂಟು ಹೋಗಿ ಬಂದಿದ್ದರೆ ಡಿಸ್ಕಿನ ಪ್ರತಿಯಿಂದ ಸ್ವಲ್ಪ ನಿಧಾನವಾಗಿ ಏಳುತ್ತದೆ. ಎರಡರಲ್ಲೂ ನಿಮ್ಮ ಕಡತ ಇದ್ದಲ್ಲೇ ಇರುತ್ತದೆ. ಹಾಗೆಂದು ಸೇವ್ ಮಾಡುವ ಅಭ್ಯಾಸ ಬಿಡಬೇಡಿ.

ಪವರ್ ಆಪ್ಷನ್ಸ್‌ನಲ್ಲಿ ನಿಮ್ಮ ಯೋಜನೆಯ ಮುಂದಿರುವ ಚೇಂಜ್ ಪ್ಲ್ಯಾನ್ ಸೆಟ್ಟಿಂಗ್ಸ್ ಒತ್ತಿ. ಮುಂದಿನ ಪುಟದಲ್ಲಿ ಅಡ್ವಾನ್ಸ್‌ಡ್ ಎಂಬ ಪದವಿರುವ ಕೊಂಡಿ ಒತ್ತಿದರೆ ಕೂಡುಗುರುತುಗಳಿರುವ ಒಂದು ಪಟ್ಟಿ ತೆರೆಯುತ್ತದೆ. ಅದರಲ್ಲಿ ಸ್ಲೀಪ್ ಎಂಬುದನ್ನು ಬಿಡಿಸಿ, ಹೈಬ್ರಿಡ್ ಸ್ಲೀಪಿಗೆ ಆನ್ ಕೊಡಿ. ಆ ಸಾಲೇ ಕಾಣದಿದ್ದರೆ ಯಂತ್ರದಲ್ಲಿ ಹೈಬರ್ನೇಟ್ ಸೌಲಭ್ಯವನ್ನು (ಎಲ್ಲವನ್ನೂ ಡಿಸ್ಕಿಗೆ ಬರೆದು ಆರುವ ಬಗೆ) ಆಫ್ ಮಾಡಿಟ್ಟಿರಬಹುದು. ವಿಂಡೋಸ್ ಕೀಲಿಯ ಜೊತೆ ಎಕ್ಸ್ ಒತ್ತಿ, ಅಡ್ಮಿನ್ ಎಂದು ಬರೆದಿರುವ ಟರ್ಮಿನಲ್ ತೆರೆಯಿರಿ. ಇಂಗ್ಲಿಷ್ ಅಕ್ಷರಗಳಲ್ಲಿ ಪವರ್ ಎಂಬ ಪದಕ್ಕೆ ಸಿ, ಎಫ್, ಜಿ ಮೂರನ್ನೂ ಅಂಟಿಸಿ ಬರೆದು, ಒಂದು ಜಾಗ ಬಿಟ್ಟು, ಪ್ರಶ್ನೆಚಿಹ್ನೆಯ ಕೀಲಿಯಲ್ಲಿರುವ ಓರೆಗೆರೆ ಹಾಕಿ, ಅದಕ್ಕೆ ತಾಗಿ ಹೈಬರ್ನೇಟ್ ಎಂದು, ಮತ್ತೆ ಜಾಗ ಬಿಟ್ಟು ಆನ್ ಎಂದು ಬರೆದು ಎಂಟರ್ ಒತ್ತಿ. ಯಂತ್ರಕ್ಕೆ ಯಾವ ಯಾವ ಬಗೆಯ ನಿದ್ದೆ ಬರುತ್ತದೆ ಎಂದು ತಿಳಿಯಲು ಅದೇ ಆದೇಶದಲ್ಲಿ ಓರೆಗೆರೆಯ ಮುಂದೆ ಎ ಅಕ್ಷರವೊಂದನ್ನೇ ಬರೆದರೆ ಸಾಕು. ಕೆಲವು ಹೊಸ ಯಂತ್ರಗಳಲ್ಲಿ ಹೈಬ್ರಿಡ್ ಇರುವುದಿಲ್ಲ; ಅಂಥವರು ಯುಪಿಎಸ್ಸನ್ನೋ ಇನ್ವರ್ಟರನ್ನೋ ನಂಬಿಕೊಳ್ಳಬೇಕು.

ಮಲಗದ ಯಂತ್ರ

15 ನಿಮಿಷ ಎಂದು ಇಟ್ಟರೂ ಯಂತ್ರ ಮಲಗುವುದಿಲ್ಲ, ಅಥವಾ ಮಲಗಿದ್ದು ನಡುರಾತ್ರಿ ತಾನೇ ಎದ್ದು ಕೂರುತ್ತದೆ. ಉಳಿತಾಯವೆಲ್ಲ ಸೋರುವ ತೂತು ಇದೇ. ಸೆಟ್ಟಿಂಗು ಸರಿಯಿದೆ ಎಂದು ನಾವು ನಿಶ್ಚಿಂತರಾಗಿರುತ್ತೇವೆ, ಅದು ಬೆಳಗಿನವರೆಗೆ ಉರಿಯುತ್ತಿರುತ್ತದೆ.

"ಅಕ್ಕಾ, ನಾನು ಮಲಗಿಸಿಯೇ ಹೋಗಿದ್ದೆ. ಈಗ ಮುಟ್ಟಿದರೆ ಪೆಟ್ಟಿಗೆ ಬೆಚ್ಚಗಿದೆ," ಎಂದು ಹುಡುಗ ಒಂದು ಬೆಳಿಗ್ಗೆ ಹೇಳಿದ. ಯಾರು ಎಬ್ಬಿಸಿದರು ಎಂದು ಊಹಿಸುತ್ತಾ ಕೂರಬೇಕಿಲ್ಲ, ಯಂತ್ರವನ್ನೇ ಕೇಳಬಹುದು. ಅದೇ ಟರ್ಮಿನಲ್ಲಿನಲ್ಲಿ, ಅದೇ ಪವರ್‌ಸಿಎಫ್‌ಜಿ ಬರೆದು, ಓರೆಗೆರೆಯ ಮುಂದೆ ಲಾಸ್ಟ್ ಮತ್ತು ವೇಕ್ ಎಂಬ ಎರಡು ಪದಗಳನ್ನು ಜಾಗ ಬಿಡದೆ ಬರೆಯಿರಿ. ಕೊನೆಯ ಸಲ ಎಬ್ಬಿಸಿದ್ದು ಯಾವುದು ಎಂದು ಸಾಮಾನ್ಯವಾಗಿ ಹೇಳುತ್ತದೆ. ನಮ್ಮಲ್ಲಿ ಸಿಕ್ಕಿಬಿದ್ದದ್ದು ಮೌಸು. ಬೆಳಕಿನ ಮೌಸು ನುಣುಪು ಗಾಜಿನ ಮೇಜಿನ ಮೇಲಿದ್ದರೆ ಲಾರಿ ಹಾದಾಗಿನ ನಡುಕವೂ ಅದಕ್ಕೆ ಚಲನೆಯೇ. ಡಿವೈಸ್ ಮ್ಯಾನೇಜರಿನಲ್ಲಿ ಮೌಸಿನ ಹೆಸರಿನ ಮೇಲೆ ಎರಡು ಸಲ ಒತ್ತಿ, ಪವರ್ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ, ಕಂಪ್ಯೂಟರನ್ನು ಎಬ್ಬಿಸಲು ಅನುಮತಿ ಎಂಬ ಅರ್ಥದ ಸಾಲಿನ ಗುರುತು ತೆಗೆಯಿರಿ. ಕೀಲಿಮಣೆಗೆ ಅನುಮತಿ ಇರಲಿ, ನಾವು ಎಬ್ಬಿಸಲು ಏನಾದರೂ ಬೇಕಲ್ಲ. ನೆಟ್‌ವರ್ಕ್ ಅಡಾಪ್ಟರಿಗೂ ಇಂಥದೇ ಪುಟವಿದೆ. ದೂರದಿಂದ ಯಂತ್ರವನ್ನು ಎಬ್ಬಿಸುವ ಕೆಲಸ ನಿಮಗಿಲ್ಲದಿದ್ದರೆ ಅದನ್ನೂ ತೆಗೆಯಿರಿ. ಇನ್ನು ನಿಗದಿತ ಹೊತ್ತಿಗೆ ಯಂತ್ರವನ್ನು ಎಬ್ಬಿಸಲು ತಂತ್ರಾಂಶಗಳು ಇಟ್ಟುಕೊಳ್ಳುವ ಅಲಾರಮ್ಮುಗಳಿವೆ. ಹೈಬ್ರಿಡ್ ಸ್ಲೀಪ್ ಇದ್ದ ಪಟ್ಟಿಯಲ್ಲೇ ವೇಕ್ ಟೈಮರ್ಸ್ ಎಂಬ ಸಾಲಿದೆ, ಡಿಸೇಬಲ್ ಮಾಡಿ.

ಮಲಗುವುದೇ ಇಲ್ಲ ಎಂದಾದರೆ ಓರೆಗೆರೆಯ ಮುಂದೆ ರಿಕ್ವೆಸ್ಟ್ಸ್ ಎಂದು ಬರೆಯಿರಿ. "ನನಗೆ ಕೆಲಸವಿದೆ, ಮಲಗಬೇಡ" ಎಂದು ಯಂತ್ರವನ್ನು ಹಿಡಿದಿಟ್ಟವರ ಹೆಸರು ಬರುತ್ತದೆ. ಯಾರೂ ಇಲ್ಲದಿದ್ದರೆ ಪ್ರತಿ ಸಾಲಿನ ಕೆಳಗೂ ನನ್ ಎಂದಿರುತ್ತದೆ. ನಾನು ಹೆಚ್ಚಾಗಿ ಕಂಡಿರುವ ಆರೋಪಿಗಳು ಇಬ್ಬರು. ಒಂದು, ಧ್ವನಿ. ಬ್ರೌಸರಿನ ಯಾವುದೋ ಮೂಲೆಯ ಟ್ಯಾಬಿನಲ್ಲಿ ಭಜನೆಯೋ ಯಕ್ಷಗಾನವೋ ಓಡುತ್ತಿರುತ್ತದೆ, ಸ್ಪೀಕರಿನ ಗುಂಡಿ ಸೊನ್ನೆಗೆ ತಿರುಗಿಸಿರುವುದರಿಂದ ನಮಗೆ ಕೇಳಿಸುವುದಿಲ್ಲ. ಯಂತ್ರಕ್ಕೆ ಮಾತ್ರ ಹಾಡು ನಡೆದೇ ಇದೆ. ಟ್ಯಾಬು ಮುಚ್ಚಿದರೆ ಮುಗಿಯಿತು. ಎರಡನೆಯದು ಎರಡು ಕಂಪ್ಯೂಟರು ಇರುವ ಅಂಗಡಿಗಳಲ್ಲಿ ಮಾತ್ರ: ಒಂದರ ಫೋಲ್ಡರನ್ನು ಇನ್ನೊಂದಕ್ಕೆ ಹಂಚಿಕೊಂಡಿರುತ್ತೇವೆ, ಎರಡನೆಯದರಲ್ಲಿ ಆ ಫೋಲ್ಡರಿನ ಕಡತ ತೆರೆದೇ ಇರುತ್ತದೆ. ದೂರದ ಗಿರಾಕಿ ಬೇಡಿಕೆ ಸಲ್ಲಿಸಿದ್ದಾನೆ ಎಂಬರ್ಥದ ಇಂಗ್ಲಿಷ್ ಸಾಲಿನ ಜೊತೆ ಎಸ್‌ಆರ್‌ವಿನೆಟ್ ಎಂಬ ಹೆಸರು ಕಾಣುತ್ತದೆ. ವೈರಸ್ಸೆಂದು ಗಾಬರಿಯಾಗಬೇಡಿ. ಊಟಕ್ಕೆ ಏಳುವಾಗ ಎರಡನೆಯ ಯಂತ್ರದಲ್ಲಿ ಆ ಕಡತ ಮುಚ್ಚುವ ರೂಢಿ ಮಾಡಿಕೊಂಡರೆ ಎರಡೂ ಮಲಗುತ್ತವೆ.

ಹೆಸರು ದೊಡ್ಡದು, ಲಾಭ ಸಣ್ಣದು

ಗಣಪತಿಯ ಚಿತ್ರ ತೇಲಾಡುವ ಸ್ಕ್ರೀನ್ ಸೇವರು ಏನನ್ನೂ ಉಳಿಸುವುದಿಲ್ಲ. ಅದು ಹಳೆಯ ದಪ್ಪ ಪಿಕ್ಚರ್ ಟ್ಯೂಬಿನ ಕಾಲದ್ದು; ಒಂದೇ ಚಿತ್ರ ನಿಂತಲ್ಲೇ ನಿಂತು ಗಾಜಿನಲ್ಲಿ ಕಲೆಯಾಗದಿರಲಿ ಎಂದು ಹುಟ್ಟಿದ್ದು. ಈಗಿನ ಮಾನಿಟರಿನಲ್ಲಿ ಅದು ಓಡುವಷ್ಟು ಹೊತ್ತೂ ಹಿಂಬದಿಯ ದೀಪ ಉರಿಯುತ್ತಲೇ ಇರುತ್ತದೆ. ಕಪ್ಪು ಹಿನ್ನೆಲೆ ಹಾಕಿಕೊಳ್ಳುವುದೂ ಹಾಗೆಯೇ. ಒಎಲ್‌ಇಡಿ ಪರದೆಯಲ್ಲಿ ಕಪ್ಪು ಚುಕ್ಕಿ ಎಂದರೆ ಆರಿದ ಚುಕ್ಕಿ, ಅಲ್ಲಿ ಉಳಿತಾಯ ನಿಜ. ಸಾಮಾನ್ಯ ಎಲ್‌ಇಡಿ ಮಾನಿಟರಿನಲ್ಲಿ ಕಪ್ಪು ತೋರಿಸಲೂ ಹಿಂದೆ ಅದೇ ದೀಪ. ಅಂದ ಹಾಗೆ, ಡೆಸ್ಕ್‌ಟಾಪಿನ ಮಾನಿಟರಿನ ಬೆಳಕು ವಿಂಡೋಸಿನಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ, ಮಾನಿಟರಿನ ಅಂಚಿನಲ್ಲೋ ಹಿಂದೆಯೋ ಇರುವ ಗುಂಡಿಯಲ್ಲೇ ಇಳಿಸಬೇಕು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಯಂತ್ರ ಹೊತ್ತಿದೊಡನೆ ತಾನಾಗಿ ತೆರೆಯುವ ತಂತ್ರಾಂಶಗಳನ್ನು ಸ್ಟಾರ್ಟಪ್ ಪುಟದಲ್ಲಿ ತಡೆಯುವುದು ಒಳ್ಳೆಯದೇ. ಆದರೆ ಅದರಿಂದ ಯಂತ್ರ ಚುರುಕಾಗುತ್ತದೆ, ಮೀಟರು ಅದನ್ನು ಅಷ್ಟಾಗಿ ಗಮನಿಸುವುದಿಲ್ಲ. ಬ್ರೌಸರುಗಳ ಎನರ್ಜಿ ಸೇವರ್ ಲ್ಯಾಪ್‌ಟಾಪಿನವರಿಗೆ ಉಪಯೋಗ.

ಲ್ಯಾಪ್‌ಟಾಪು

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಹುಟ್ಟಿನಿಂದಲೇ ಮಿತವ್ಯಯಿ. ಡೆಸ್ಕ್‌ಟಾಪಿನ ಕಾಲು ಭಾಗಕ್ಕೇ ದಿನ ದೂಡುತ್ತದೆ. ಒಂದೇ ತೊಂದರೆ ಎಂದರೆ ಮುಚ್ಚಳ ಮುಚ್ಚಿದ ಹೊಸ ಲ್ಯಾಪ್‌ಟಾಪುಗಳು ಪೂರ್ತಿ ಮಲಗದೆ ಮೊಬೈಲಿನಂತೆ ಅರೆನಿದ್ದೆಯಲ್ಲಿರುತ್ತವೆ. ಚೀಲದೊಳಗೆ ಬಿಸಿಯಾಗಿ, ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಬ್ಯಾಟರಿ ಕುಸಿದಿರುತ್ತದೆ. ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಷನ್ಸ್‌ನಲ್ಲಿ ಎಡಗಡೆ, ಮುಚ್ಚಳ ಮುಚ್ಚಿದರೆ ಏನಾಗಬೇಕು ಎಂದು ಕೇಳುವ ಕೊಂಡಿ ಇದೆ. ಬ್ಯಾಟರಿಯ ಕಂಬಸಾಲಿನಲ್ಲಿ ಸ್ಲೀಪ್ ತೆಗೆದು ಹೈಬರ್ನೇಟ್ ಹಾಕಿ. ಹೈಬರ್ನೇಟಿನಲ್ಲಿ ಎಲ್ಲವನ್ನೂ ಡಿಸ್ಕಿಗೆ ಬರೆದು ಯಂತ್ರ ನಿಜವಾಗಿಯೂ ಆರುತ್ತದೆ. ಏಳಲು ತುಸು ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೇ.

ಇನ್ವರ್ಟರಿನ ಮೇಲೆ ಓಡುವಾಗ

ಕರೆಂಟು ಯಾವಾಗ ಬರುತ್ತದೆಂದು ಗೊತ್ತಿಲ್ಲದ ದಿನಗಳಿಗೆ ನಾನು ಬೇರೆಯೇ ಒಂದು ಯೋಜನೆ ಮಾಡಿಟ್ಟು ಅದಕ್ಕೆ ಮಳೆಗಾಲ ಎಂದು ಹೆಸರಿಟ್ಟಿದ್ದೇನೆ. ಪವರ್ ಆಪ್ಷನ್ಸ್‌ನ ಎಡಬದಿಯಲ್ಲಿ ಹೊಸ ಯೋಜನೆ ಮಾಡುವ ಕೊಂಡಿ ಇರುತ್ತದೆ. ಅದರಲ್ಲಿ ಪರದೆಗೆ 1 ನಿಮಿಷ, ನಿದ್ದೆಗೆ 5. ಆಮೇಲೆ ಅಡ್ವಾನ್ಸ್‌ಡ್ ಪಟ್ಟಿಯಲ್ಲಿ ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್ ಬಿಡಿಸಿ, ಮ್ಯಾಕ್ಸಿಮಮ್ ಎಂಬಲ್ಲಿ 100ನ್ನು 99 ಮಾಡಿ. ಒಂದು ಅಂಕಿ ಇಳಿಸಿದರೆ ಏನಾದೀತು ಎನ್ನಬೇಡಿ. ಬಹಳಷ್ಟು ಪ್ರೊಸೆಸರುಗಳಲ್ಲಿ 100ಕ್ಕಿಂತ ಕೆಳಗಿಳಿದೊಡನೆ ಟರ್ಬೊ ಎಂಬ ಹೆಚ್ಚುವರಿ ಓಟ ನಿಂತುಹೋಗುತ್ತದೆ. ಗರಿಷ್ಠ ಹೊರೆ ಇಳಿಯುತ್ತದೆ, ಪೆಟ್ಟಿಗೆಯ ಫ್ಯಾನಿನ ಗದ್ದಲವೂ ಇಳಿಯುತ್ತದೆ. ಪಿಡಿಎಫ್ ಮಾಡುವ ಕೆಲಸ ನಿಧಾನವಾಗುವುದು ನಿಜ, ಹಾಗಾಗಿ ಒಟ್ಟು ಯೂನಿಟ್ಟಿನಲ್ಲಿ ದೊಡ್ಡ ಲಾಭ ಹುಡುಕಬೇಡಿ. ಸುಸ್ತಾದ ಬ್ಯಾಟರಿಯ ಮೇಲೆ ಒಮ್ಮೆಲೇ ಭಾರ ಬೀಳದಿರಲಿ ಎಂಬುದಷ್ಟೇ ಉದ್ದೇಶ. ಕೆಲವು ಹೊಸ ಯಂತ್ರಗಳಲ್ಲಿ ಈ ಸಾಲನ್ನು ಮರೆಮಾಡಿರುತ್ತಾರೆ. ಅಂಥವರು ವಿಂಡೋಸ್ 11ರ 24ಎಚ್2 ಅಥವಾ ಅದರ ನಂತರದ ಆವೃತ್ತಿಯಲ್ಲಿದ್ದರೆ ಪವರ್ ಪುಟದ ಎನರ್ಜಿ ಸೇವರ್ ಹಚ್ಚಿಕೊಳ್ಳಲಿ. ಅದು ಡೆಸ್ಕ್‌ಟಾಪಿಗೂ ಬಂದಿದೆ.

ಲೇಸರ್ ಪ್ರಿಂಟರನ್ನು ಮಾತ್ರ ಇನ್ವರ್ಟರಿಗೆ ಕೊಡಬೇಡಿ. ಶಾಯಿಪುಡಿಯನ್ನು ಕಾಗದಕ್ಕೆ ಬೇಯಿಸುವ ರೋಲರು ಬಿಸಿಯಾಗುವ ಕ್ಷಣದಲ್ಲಿ ಅದು ನೂರಾರು ವಾಟ್ ಕೇಳುತ್ತದೆ. ಮಾಮೂಲಿ ದಿನಗಳಿಗೆ ಪ್ರಿಂಟರಿನ ಸ್ವಂತ ಮೆನುವಿನಲ್ಲೂ ಒಂದು ಸ್ಲೀಪ್ ಇರುತ್ತದೆ. ಎಷ್ಟು ಕಡಿಮೆಗೆ ಇಡಲು ಬಿಡುತ್ತದೋ ಅಷ್ಟಕ್ಕೆ ಇಡಿ.

ರಾತ್ರಿ

ಅಂಗಡಿ ಮುಚ್ಚುವಾಗ ಶಟ್‌ಡೌನ್ ಕೊಟ್ಟು ಗೋಡೆಯ ಸ್ವಿಚ್ಚನ್ನೂ ಆರಿಸಿ. ಸಣ್ಣ ಯುಪಿಎಸ್ ಇದ್ದರೆ ಅದರ ಗುಂಡಿಯನ್ನೂ. ಅದೂ ಖಾಲಿ ಕೂತು ಕೆಲವು ವಾಟ್ ತಿನ್ನುತ್ತದೆ. ಸ್ವಿಚ್ಚಿಗೆ ಕೈ ಎಟುಕದ ಕಡೆ ಯಂತ್ರ ಇಟ್ಟವರು ಬಯೋಸಿಗೆ, ಎಂದರೆ ವಿಂಡೋಸ್ ಏಳುವ ಮೊದಲೇ ತೆರೆಯುವ ಯಂತ್ರದ ಮೂಲ ಸೆಟ್ಟಿಂಗಿಗೆ, ಹೋಗಿ ಎರಡು ಸಾಲು ನೋಡಬೇಕು. ಯಂತ್ರ ಹೊತ್ತುವಾಗ ಡಿಲೀಟ್ ಅಥವಾ ಎಫ್2 ಕೀಲಿಯನ್ನು ಬಿಟ್ಟು ಬಿಟ್ಟು ಒತ್ತಿದರೆ ಅದು ತೆರೆಯುತ್ತದೆ. ಒಳಗೆ ಇಆರ್‌ಪಿ ಎಂಬ ಸಾಲು ಇದ್ದರೆ ಎನೇಬಲ್ ಮಾಡಿ. ಆರಿಸಿದ ಯಂತ್ರವೂ ಕೀಲಿಮಣೆಯ ದೀಪಕ್ಕೆ, ನೆಟ್‌ವರ್ಕಿಗೆ ಎಂದು ಎಳೆಯುತ್ತಿರುವ ಕರೆಂಟು ಆಗ ಒಂದು ವಾಟಿಗಿಂತ ಕೆಳಗಿಳಿಯುತ್ತದೆ. ಇನ್ನೊಂದು, ಕರೆಂಟು ಹೋಗಿ ಬಂದಾಗ ಯಂತ್ರ ಏನು ಮಾಡಬೇಕು ಎಂಬ ಸಾಲು. ರಿಸ್ಟೋರ್ ಎಂದೋ ಎಸಿ ಪವರ್ ಲಾಸ್ ಎಂದೋ ಹೆಸರಿರುತ್ತದೆ. ಅಲ್ಲಿ ಪವರ್ ಆನ್ ಎಂದಿದ್ದರೆ ರಾತ್ರಿ ಎರಡು ಗಂಟೆಗೆ ಲೈನು ಬಂದ ಕೂಡಲೇ ಮುಚ್ಚಿದ ಅಂಗಡಿಯೊಳಗೆ ಕಂಪ್ಯೂಟರು ತಾನೇ ಹೊತ್ತಿಕೊಳ್ಳುತ್ತದೆ. ಪವರ್ ಆಫ್ ಎಂದು ಬದಲಿಸಿ, ಎಫ್10 ಒತ್ತಿ ಉಳಿಸಿ ಹೊರಬನ್ನಿ.